ಒಂದು ಬೆರಳು ಏರಿದ ನೀರು

ಸತ್ತವರು ತಿರುಗಿ ಬರುವ ಏಳನೇ ತಿಂಗಳು ಬಂತೆಂದರೆ ಕೀಲುಂಗ್ ಎಂಬ ಬಂದರು ಊರಿನವರು ಸಮುದ್ರದ ಕಡೆ ತಲೆ ಹಾಕುವುದಿಲ್ಲ. ಹ್ವೇ-ರು ಮಾತ್ರ ಆ ತಿಂಗಳಲ್ಲೇ ಕಂಪ್ಯೂಟರಿಗೆ ನೀರು ತುಂಬಲು ಕೂತಳು. ಹಟ ಅಂದರೆ ಹಟ.

"ಬೇರೆ ತಿಂಗಳು ಸಿಗ್ಲಿಲ್ವೇನೇ ನಿನಗೆ?" ಬಾಗಿಲ ಮುಂದಿನ ಮೇಜಿನ ಮೇಲೆ ಎಡೆಗೆಂದು ಅನ್ನ, ಬಿಸ್ಕತ್ತು ಜೋಡಿಸುತ್ತಿದ್ದ ಅಮ್ಮ ಗೊಣಗಿದಳು. ದೆವ್ವ ಎಂಬ ಮಾತನ್ನು ಅವಳು ಬಾಯಲ್ಲಿ ಆಡುವವಳಲ್ಲ. "ಒಳ್ಳೆ ಅಣ್ಣಂದಿರು ಬೀದಿ ತುಂಬ ಓಡಾಡ್ತಿದ್ದಾರೆ. ನೀರಲ್ಲಿ ಹೋದವ್ರಿಗೆ ಬದಲಿಗೆ ಒಬ್ರು ಸಿಗೋವರೆಗೂ ಬಿಡುಗಡೆ ಇಲ್ಲ ಕಣೇ. ನೀನು ಮನೆಯೊಳಗೇ ನೀರಿಟ್ಟು ಕರೀತೀಯಲ್ಲ!"

"ಎರಡು ಲೋಟ ನೀರಮ್ಮ. ಅದರಲ್ಲಿ ಯಾರು ಮುಳುಗ್ತಾರೆ?"

ಹಟಕ್ಕೆ ಕಾರಣವಿತ್ತು. ಹೋದ ವರ್ಷ ತಂಗಿ ಪೇ-ಶಾನ್ ಸಮುದ್ರದಲ್ಲಿ ಮುಳುಗಿ ಸಾಯುವ ಮೊದಲು ಫೋನ್ ಮಾಡಿದ್ದಳು, ಇವಳು ಎತ್ತಲಿಲ್ಲ. ಉಳಿದದ್ದು ಒಂದು ಧ್ವನಿ ಸಂದೇಶ. "ಅಕ್ಕಾ" ಎಂಬ ಕರೆ, ಆಮೇಲೆ ಅಲೆಯ ಮೊರೆತ, ಅದರಡಿಯಲ್ಲಿ ಏನೋ ಪಿಸುಮಾತು. ಕಿವಿಗೊಟ್ಟಾಗಲೆಲ್ಲ ಕಂಪ್ಯೂಟರಿನ ಹಾಳು ಫ್ಯಾನುಗಳು ಬೊಬ್ಬೆ ಹೊಡೆಯುತ್ತಿದ್ದವು. ಅವನ್ನು ಕಿತ್ತು, ಸದ್ದಿಲ್ಲದೆ ನೀರೇ ಹರಿದು ತಂಪು ಮಾಡಲೆಂದು ಪ್ರೊಸೆಸರಿನ ಮೇಲೆ ತಾಮ್ರದ ಬಿಲ್ಲೆ ಕೂರಿಸಿ, ಕೊಳವೆ, ಪಂಪು, ಬಿಸಿ ಆರಿಸುವ ರೇಡಿಯೇಟರು, ಗಾಜಿನ ಪುಟ್ಟ ತೊಟ್ಟಿ ಜೋಡಿಸಿದಳು. ಎರಡು ಲೋಟ ನೀರು ತುಂಬಿ, ಕೀಲುಗಳ ಕೆಳಗೆ ಟಿಶ್ಯೂ ಹಾಸಿ ಒಂದು ದಿನ ಕಾದಳು. ಒಂದು ಹನಿಯೂ ಸೋರಲಿಲ್ಲ. ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ, ತನ್ನ ಉಸಿರೇ ಗಲಾಟೆ ಎನ್ನಿಸಿತು.

ತಂಗಿಯ ಸಂದೇಶ ಹಾಕಿ ಕೇಳಿದಳು. "ಅಕ್ಕಾ, ನೀರು..."

ಹೊಸ ಮಾತು! ಹ್ವೇ-ರು ಅತ್ತೇಬಿಟ್ಟಳು.

ಮರುದಿನ ತೊಟ್ಟಿಯ ನೀರು ಒಂದು ಬೆರಳು ಮೇಲೇರಿತ್ತು. ಮುಚ್ಚಳ ಬಿಗಿಯಾಗಿಯೇ ಇತ್ತು. ಎಲ್ಲ ಕಡೆ ಮುಚ್ಚಿದ ಕೊಳವೆಯೊಳಗೆ ನೀರು ಹೆಚ್ಚುವುದಾದರೂ ಹೇಗೆ? ಮುಚ್ಚಳ ತೆಗೆದು, ಬೆರಳದ್ದಿ ನಾಲಗೆಗೆ ಮುಟ್ಟಿಸಿದಳು. ಉಪ್ಪು. ಸಮುದ್ರದ್ದೇ ನೀರು. ಆದರೂ ಸಂದೇಶ ಹಾಕದೆ ಇರಲಾಗಲಿಲ್ಲ. "ಅಕ್ಕಾ, ನೀರು ತೆಗೆದು..."

ನೀರು ಏರಿದಂತೆಲ್ಲ ಮಾತು ಬೆಳೆಯಿತು. ಹೆದರಿಕೆಗಿಂತ ಆಸೆಯೇ ದೊಡ್ಡದಾಗಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ತೊಟ್ಟಿ ಕಂಠಮಟ್ಟ ತುಂಬಿದಾಗ ಸ್ಪೀಕರಿನಿಂದ ಮಾತು ಪೂರ್ತಿಯಾಗಿ ಬಂತು.

"ಅಕ್ಕಾ, ನೀರು ತೆಗೆದುಬಿಡೇ. ಇನ್ನೊಂದು ಬೆರಳು ಏರಿದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ. ನಿನ್ನನ್ನೇ ಎಳ್ಕೊಂಡ್ಬಿಡ್ತೀನಿ."

ಹ್ವೇ-ರು ಬಕೆಟ್ ಇಟ್ಟು, ತೊಟ್ಟಿಯ ಅಡಿಯ ನಲ್ಲಿ ತಿರುಗಿಸಿದಳು. ಎರಡು ಲೋಟ ಹಿಡಿಸುವ ಯಂತ್ರದಿಂದ ಅರ್ಧ ಬಕೆಟ್ ನೀರು ಸುರಿಯಿತು. ಆಮೇಲಷ್ಟೇ ತೊಟ್ಟಿ ಮೆಲ್ಲಗೆ ಇಳಿಯತೊಡಗಿತು.

ಹಿಂದಿನಿಂದ ಒಂದು ಕೈ ಬಂದು ನಲ್ಲಿ ಮುಚ್ಚಿತು. ಅಮ್ಮ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಮ್ಮಾ, ನಿನಗೆ ಕೇಳಿಸ್ಲಿಲ್ವಾ? ಅವಳೇ ಬೇಡ ಅಂತಿದ್ದಾಳೆ!"

"ಕೇಳಿಸ್ತು. ಒಂದು ವರ್ಷದಿಂದ ಮಗು ಆ ತಣ್ಣೀರಲ್ಲಿ ಒಂಟಿಯಾಗಿ ಕಾಯ್ತಿದೆ." ಅಮ್ಮ ಕುರ್ಚಿ ಎಳೆದುಕೊಂಡು ಯಂತ್ರದ ಮುಂದೆ ಕೂತಳು. "ಬದಲಿಗೆ ಒಬ್ರು ತಾನೇ ಬೇಕು? ನಾನಿದ್ದೀನಿ. ನೀನು ಆಚೆ ಹೋಗಿ ಬಾಗಿಲು ಹಾಕ್ಕೋ."

ಹ್ವೇ-ರು ಅಮ್ಮನ ತೋಳು ಹಿಡಿದು ಎಳೆದಳು. ಆ ತೋಳು ಆಗಲೇ ಮೊಣಕೈವರೆಗೂ ಒದ್ದೆಯಾಗಿ, ತಣ್ಣಗಿತ್ತು.