ಖರ್ಚಾಗದೆ ಉಳಿದದ್ದು

“ಹೋದ ವರ್ಷ ಕೊಟ್ಟಿದ್ದೇ ಹಾಗೇ ಉಳಿದಿದೆಯಲ್ಲ,” ಎನ್ನುತ್ತ ಕಾರ್ಯದರ್ಶಿಗಳು ಪೆನ್ನಿನ ಮುಚ್ಚಳ ತೆಗೆದರು. ಸರ್ಕಾರದ ಬಜೆಟ್ಟಿಗೆ ಮುಂಚಿನ ಸಭೆ. ನಡೆಯಲಾಗದ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವ್ಯಾನುಗಳ ಸರದಿ ಬಂದಿತ್ತು. ಮೇಜಿನ ಆ ಬದಿಗೆ ಸಮಾಜ ಕಲ್ಯಾಣದ ನಿರ್ದೇಶಕಿ, ಈ ಬದಿಗೆ ಹಣಕಾಸಿನ ಅಧಿಕಾರಿ. ಆತ ನೀರಿನ ಲೋಟ ಎತ್ತಿಕೊಂಡ, ಬಾಯಾರಿಕೆಯೇನೂ ಇರಲಿಲ್ಲ.

ಹಣ ಏಕೆ ಉಳಿಯಿತೆಂದು ಆತನಿಗೆ ಚೆನ್ನಾಗಿಯೇ ಗೊತ್ತಿತ್ತು. ಹೋದ ವರ್ಷ ತನ್ನ ಮಗಳ ಮದುವೆಗೆ ರಜೆ ಹಾಕುವ ಮುನ್ನ ಮೇಜು ಖಾಲಿಯಾಗಬೇಕಿತ್ತು. ಓದಲು ಪುರಸೊತ್ತಿಲ್ಲದ ಫೈಲಿಗೆ ಒಂದು ಪ್ರಶ್ನೆ ಬರೆದು ವಾಪಸ್ ಅಟ್ಟುವುದು ಆ ಕಚೇರಿಯಲ್ಲಿ ಎಲ್ಲರಿಗೂ ಕರಗತವಾದ ವಿದ್ಯೆ. ‘ವ್ಯಾನಿನ ಬಾಗಿಲು ಹಿಂದಿರಬೇಕೋ ಪಕ್ಕದಲ್ಲಿರಬೇಕೋ ಸ್ಪಷ್ಟಪಡಿಸಿ’ ಎಂದು ವ್ಯಾನಿನ ಫೈಲಿನ ಮೇಲೂ ಗೀಚಿ, ಆತ ನಿರಾಳವಾಗಿ ಮದುವೆಯ ಓಡಾಟಕ್ಕೆ ಬಿದ್ದ. ಬಾಗಿಲು ಎಲ್ಲಿದ್ದರೆ ಆತನ ಗಂಟೇನು ಹೋಗುತ್ತಿತ್ತು? ಪ್ರಶ್ನೆ ಸಾರಿಗೆಯವರ ಬಳಿ ಹೋಯಿತು, ಎಂಜಿನಿಯರುಗಳ ಬಳಿ ಹೋಯಿತು. ಎಲ್ಲರ ಅಭಿಪ್ರಾಯ ಹೊತ್ತು ಮರಳುವಷ್ಟರಲ್ಲಿ ಆರ್ಥಿಕ ವರ್ಷವೇ ಮುಗಿದು, ಹಣ ಖಜಾನೆಗೆ ವಾಪಸಾಗಿತ್ತು. ಖರ್ಚಾಗದ ಬಾಬತ್ತಿಗೆ ಮರುವರ್ಷ ಕತ್ತರಿ ಹಾಕುವುದು ಅಲ್ಲಿನ ನಿಯಮ.

ಯಾಕೆ ತಡವಾಯಿತೆಂದು ಕಾರ್ಯದರ್ಶಿಗಳು ಕೇಳಿದರು. ನಿರ್ದೇಶಕಿ ಒಮ್ಮೆ ಆತನತ್ತ ನೋಡಿದರು. ತನ್ನ ಬಣ್ಣ ಬಯಲಾಯಿತೆಂದೇ ಆತ ಅಂದುಕೊಂಡ.

“ನಮ್ಮ ಕಡೆಯಿಂದಲೇ ತಡ ಆಯ್ತು ಸರ್,” ಎಂದರು ಆಕೆ.

ಕಾರ್ಯದರ್ಶಿಗಳು ಆತನ ಕಡೆ ತಿರುಗಿದರು. ತಪ್ಪು ನನ್ನದು ಎಂದಿದ್ದರೆ ಸಾಕಿತ್ತು. ಹೆಚ್ಚೆಂದರೆ ನಾಲ್ಕು ಬೈಗುಳ ಬೀಳುತ್ತಿದ್ದವು. ಆದರೆ ನಾಲಿಗೆ ತನಗೆ ರೂಢಿಯಾದ ಮಾತನ್ನೇ ಆಡಿತು.

“ನಿಯಮ ನೋಡಿದ್ರೆ, ಮುಂದುವರಿಸೋದು ಕಷ್ಟ ಸರ್.”

ಪೆನ್ನು ಅಡ್ಡಗೆರೆ ಎಳೆಯಿತು. ಸಭೆ ಮುಂದಿನ ಬಾಬತ್ತಿಗೆ ಹೋಯಿತು.

ಸಭೆ ಮುಗಿದಾಗ ಆತ ನಿರ್ದೇಶಕಿಯ ಹಿಂದೆಯೇ ಮೆಟ್ಟಿಲಿಳಿದು, ಯಾಕೆ ಹಾಗೆ ಹೇಳಿದಿರಿ ಎಂದು ತಗ್ಗಿದ ದನಿಯಲ್ಲಿ ಕೇಳಿದ.

“ನಾಳೆ ಹಾಸ್ಟೆಲಿನ ಫೈಲು ನಿಮ್ಮ ಮೇಜಿಗೇ ಬರ್ಬೇಕಲ್ಲ ಸರ್. ಅದಾದ್ರೂ ಉಳೀಲಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಿರುಗಿ ರೇಗಿ ಹಗುರಾಗಬಹುದಿತ್ತು. ಆತನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕೆಳಗೆ ಹೊರಬಾಗಿಲ ಬಳಿ ಒಬ್ಬ ಹೆಂಗಸು ಬೆಳೆದ ಮಗಳನ್ನು ಬೆನ್ನ ಮೇಲೆ ಹೊತ್ತು ನಿಂತಿದ್ದಳು. ಹುಡುಗಿಯ ಸಣಕಲು ಕಾಲುಗಳು ಇಬ್ಬದಿಗೂ ಜೋತುಬಿದ್ದಿದ್ದವು. ನಿರ್ದೇಶಕಿಯನ್ನು ಕಂಡವಳೇ ವ್ಯಾನು ಏನಾಯಿತೆಂದು ವಿಚಾರಿಸಿದಳು. ನಿರ್ದೇಶಕಿ ಬಾಯಿ ತೆರೆಯುವ ಮೊದಲೇ ಆತ, “ಈ ಸಲ ಆಗಲ್ಲಮ್ಮ,” ಎಂದುಬಿಟ್ಟ. ಅಷ್ಟನ್ನಾದರೂ ತಾನೇ ಹೇಳಬೇಕೆನಿಸಿತ್ತು. ಯಾಕೆ ಎಂಬುದನ್ನು ಮಾತ್ರ ಬಿಟ್ಟುಬಿಟ್ಟ.

ತಾಯಿ ತಲೆಯಾಡಿಸಿದಳು. “ಬಂದು ಹೇಳಿದ್ರಲ್ಲ ಸರ್. ಎಷ್ಟೋ ಜನ ಮುಖ ಕೊಟ್ಟು ಮಾತೂ ಆಡಲ್ಲ.”

ಆತನಿಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. ಏನಾದರೂ ಆಡಬೇಕೆಂದು ಹುಡುಗಿಯನ್ನು ಯಾವ ಕ್ಲಾಸು ಎಂದು ಕೇಳಿದ.

“ಐದು,” ಎಂದಳು ಹುಡುಗಿ. ಸ್ವಲ್ಪ ಯೋಚಿಸಿ, “ಹೋಗಿದ್ದಿದ್ರೆ ಆರು,” ಎಂದಳು.

ತಾಯಿ ಮಗಳನ್ನು ಇನ್ನಷ್ಟು ಮೇಲಕ್ಕೆ ಸರಿಸಿಕೊಂಡು ಬಿಸಿಲಿಗಿಳಿದಳು. ಹುಡುಗಿ ಎರಡೂ ಅಂಗೈಗಳನ್ನು ಮುಂದೆ ಚಾಚಿ, ತಾಯಿಯ ಹಣೆಗೆ ನೆರಳು ಹಿಡಿದಳು.