ಮೂವತ್ತೆಂಟು ಜನಕ್ಕೆ ಒಂದೇ ಮೊಣಕಾಲು ನೋವು

ಆ ಕಾರ್ಖಾನೆಯ ಬೀಗ ಅಂತಿಂಥದ್ದಲ್ಲ. ಕೀಲಿ ಕಳೆದುಕೊಂಡವರು ಬೀಗ ಒಡೆಯುವ ಆಸೆ ಬಿಟ್ಟು ಪಕ್ಕದಲ್ಲೇ ಇನ್ನೊಂದು ಮನೆ ಕಟ್ಟಿಸಿಕೊಳ್ಳುತ್ತಿದ್ದರು. ಅಂಥ ಬೀಗದ ಹೊಟ್ಟೆಯೊಳಗೆ ಸಾಸಿವೆ ಗಾತ್ರದ ಐದು ಸ್ಪ್ರಿಂಗು ಕೂರಿಸುವ ವಿಭಾಗಕ್ಕೆ ಮೇಸ್ತ್ರಿಯೇ ಒಡೆಯ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವನಲ್ಲ, ತಡವಾಗಿ ಬಂದವರನ್ನು ಬಿಟ್ಟವನೂ ಅಲ್ಲ. ಗೋಡೆಯ ಗಡಿಯಾರ ಅವನ ಮುಖ ನೋಡಿಕೊಂಡೇ ಮುಳ್ಳು ಸರಿಮಾಡಿಕೊಳ್ಳುತ್ತಿತ್ತು.

ಇಂಥವನ ಕುರ್ಚಿಗೇ ಈಗ ಕುತ್ತು ಬಂದಿತ್ತು. ಒಂದು ವರ್ಷದಲ್ಲಿ ಹೊಸದಾಗಿ ಸೇರಿದ ಹನ್ನೊಂದು ಜನ ಹದಿನೈದು ದಿನ ತುಂಬುವುದರೊಳಗೆ ಕೆಲಸ ಬಿಟ್ಟಿದ್ದರು. ಹನ್ನೊಂದನೆಯವನಂತೂ ಊಟಕ್ಕೆಂದು ಎದ್ದವನು, ಇವತ್ತಿಗೂ ಕೈ ತೊಳೆದು ವಾಪಸು ಬಂದಿಲ್ಲ. ಹನ್ನೆರಡನೆಯ ಹುಡುಗಿಯೂ ಓಡಿದರೆ ನೀನು ಗೋದಾಮಿನ ಬಾಗಿಲು ಕಾಯಲು ಹೋಗು ಎಂದು ಮಾಲೀಕರು ಹೇಳಿಯಾಗಿತ್ತು. ಅವಳು ಸೇರಿ ಆಗಲೇ ಒಂಬತ್ತು ದಿನ.

ಕಾರಣ ಪತ್ತೆ ಮಾಡಲೆಂದು ಕರೆಸಿದವರು, ದುಡಿಯುವ ಜಾಗದ ಮನಶ್ಶಾಸ್ತ್ರ ಓದಿಕೊಂಡ ಒಬ್ಬ ಮೇಡಂ. ಅವರು ದಿಟ್ಟಿಸಿ ನೋಡಿದರೆ ತಲೆಯೊಳಗಿನದೆಲ್ಲ ಕಾಣುತ್ತದೆಂದು ಹೆದರಿ ಮೇಸ್ತ್ರಿ ಎರಡು ದಿನ ಟೋಪಿ ತೆಗೆಯಲಿಲ್ಲ. ಮೇಡಂ ಮಾತ್ರ ನಲವತ್ತು ಪ್ರಶ್ನೆಗಳ ಹಾಳೆ ಹಂಚಿ, ಹೆಸರು ಬರೆಯಬೇಡಿ, ಮನಸ್ಸಿನಲ್ಲಿರುವುದನ್ನು ಬರೆಯಿರಿ ಎಂದರು, ಅಷ್ಟೆ.

ಮರುದಿನ ಹಾಳೆಗಳನ್ನು ಓದುತ್ತ ಓದುತ್ತ ಅವರ ಕನ್ನಡಕ ಹಣೆಗೇರಿತು. ಮೂವತ್ತೊಂಬತ್ತು ಹಾಳೆಗಳಲ್ಲಿ ಮೂವತ್ತೆಂಟು ಅಕ್ಷರಶಃ ಒಂದೇ. ಎಲ್ಲರ ವಯಸ್ಸೂ ಐವತ್ತೆರಡು. ಎಲ್ಲರಿಗೂ ಮೂವರು ಹೆಣ್ಣುಮಕ್ಕಳು. ಎಲ್ಲರಿಗೂ ಬಲ ಮೊಣಕಾಲು ನೋವು. ಮದುವೆಗೆ ಹೆಣ್ಣು ಹುಡುಕುತ್ತಿದ್ದ ಪಾಲಿಶ್‌ನವನೂ ರಾತ್ರೋರಾತ್ರಿ ಮೂರು ಹೆಣ್ಣುಮಕ್ಕಳ ತಂದೆಯಾಗಿದ್ದ.

ಮೇಸ್ತ್ರಿಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈಯಲು ಹೊರಟ.

"ಬೈಬೇಡಿ ಮೇಸ್ತ್ರಿ," ಎಂದರು ಮೇಡಂ. "ಈ ಮೊಣಕಾಲು ಯಾರದ್ದು, ಅದನ್ನ ಹೇಳಿ ಸಾಕು."

ಅದು ದೊಡ್ಡಕ್ಕನದು. ವಿಭಾಗಕ್ಕೆಲ್ಲ ಹಿರಿಯಳು, ಮುತ್ತು ಪೋಣಿಸಿದಂಥ ಅಕ್ಷರದವಳು. ಇದು ಪರೀಕ್ಷೆ, ಫೇಲಾದವರಿಗೆ ಕೆಲಸವಿಲ್ಲ ಎಂದು ತಾವೇ ಅಂದುಕೊಂಡು ಎಲ್ಲರೂ ಅವಳ ಹಾಳೆಯನ್ನೇ ಇಳಿಸಿಕೊಂಡಿದ್ದರು.

"ಪಾಪ, ಕೇಳಿದ್ರು, ಕೊಟ್ಟೆ," ಎಂದಳು ದೊಡ್ಡಕ್ಕ. "ನೋವು ಹಂಚಿಕೊಂಡ್ರೆ ಕಮ್ಮಿಯಾಗುತ್ತೆ ಅಂತಾರಲ್ಲಾ, ಏನೂ ಕಮ್ಮಿಯಾಗ್ಲಿಲ್ಲ ನೋಡಿ."

ಉಳಿದ ಒಂದು ಹಾಳೆ ಹೊಸ ಹುಡುಗಿಯದು. ಅದರಲ್ಲಿದ್ದದ್ದು ಒಂದೇ ಸಾಲು: ಪ್ರಶ್ನೆಗಳು ಅರ್ಥವಾಗಲಿಲ್ಲ, ಯಾರನ್ನು ಕೇಳಬೇಕೋ ಗೊತ್ತಿಲ್ಲ.

ಇಡೀ ವಿಭಾಗಕ್ಕೆ ಸಿಕ್ಕ ಉತ್ತರ ಇವಳೊಬ್ಬಳಿಗೆ ಯಾಕೆ ಸಿಗಲಿಲ್ಲ ಎಂಬುದು ಈಗ ಮೇಡಂ ತಲೆಯಲ್ಲಿ ಕೊರೆಯತೊಡಗಿತು. ಮೇಸ್ತ್ರಿಯ ತಲೆಯಲ್ಲೂ. ಇಬ್ಬರೂ ಹೋಗಿ ನೋಡಿದರೆ ಹುಡುಗಿಯೇ ಕಾಣಲಿಲ್ಲ. ದೂರದ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿಟ್ಟ ಮೇಜಿನ ಕೆಳಗೆ, ಮೊಣಕಾಲೂರಿ ಹಾರಿಹೋದ ಸ್ಪ್ರಿಂಗು ಹುಡುಕುತ್ತಿದ್ದಳು. ದಿನಕ್ಕೆ ನೂರು ಹಾರುತ್ತಿದ್ದವು. ಒಂದೆರಡು ಚಂದ್ರನನ್ನೂ ಮುಟ್ಟಿರಬೇಕು.

ನಿಮ್ಮದು ಹಾರುವುದಿಲ್ಲವೇ ಎಂದು ಮೇಡಂ ದೊಡ್ಡಕ್ಕನನ್ನು ಕೇಳಿದರು.

"ಹೆಬ್ಬೆರಳಿಗೆ ಚೂರು ಗ್ರೀಸ್ ಹಚ್ಕೊಂಡ್ರೆ ಅದ್ಯಾಕೆ ಹಾರುತ್ತೆ?"

"ಅವಳಿಗೆ ಹೇಳಿದ್ರಾ?"

"ಅವಳು ಕೇಳ್ಲೇ ಇಲ್ವಲ್ಲಮ್ಮಾ. ಮೇಸ್ತ್ರಿ ಬೇರೆ, ಹೊಸಬರ ಹತ್ರ ಸುಳಿದ್ರೆ ಕಣ್ಣು ಬಿಡ್ತಾನೆ."

ವರ್ಷದ ಹಿಂದೆ ಆ ಮೇಜನ್ನು ಅಲ್ಲಿ ಹಾಕಿಸಿದವನೇ ಮೇಸ್ತ್ರಿ. ತಾನು ಹೊಸದಾಗಿ ಸೇರಿದಾಗ ಸ್ಪ್ರಿಂಗು ಹಾರಿದಾಗಲೆಲ್ಲ ಸುತ್ತ ಕೂತವರು ಬಿದ್ದು ಬಿದ್ದು ನಕ್ಕಿದ್ದರು. ಹೊಸಬರಿಗೆ ಆ ಗತಿ ಬೇಡವೆಂದು, ಯಾರೂ ನೋಡದ, ಯಾರೂ ನಗದ ಮೂಲೆ ಹುಡುಕಿ, ವಿಭಾಗದಲ್ಲಿದ್ದ ಒಂದೇ ಒಳ್ಳೆಯ ಫ್ಯಾನನ್ನೂ ಅವರಿಗೇ ಕೊಟ್ಟಿದ್ದ. ಹಾಗೆ ನಕ್ಕವರೇ ಆಮೇಲೆ ಗ್ರೀಸಿನ ಡಬ್ಬಿಯನ್ನೂ ಮುಂದೆ ತಳ್ಳಿದ್ದರೆಂಬುದು ಮಾತ್ರ ಮರೆತೇಹೋಗಿತ್ತು.

ಸದ್ದಿಲ್ಲದೆ ಮೇಜು ಸರಿಸಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮೇಸ್ತ್ರಿ ಟೋಪಿ ತೆಗೆದು ನೆಟ್ಟಗೆ ಮಾಲೀಕರ ಕೋಣೆಗೆ ಹೋದ. ಹನ್ನೊಂದು ಜನರನ್ನು ಓಡಿಸಿದ್ದು ನಾನೇ, ಅದೂ ಅಕ್ಕರೆಯಿಂದ ಎಂದ. ಇಂಥ ತಪ್ಪೊಪ್ಪಿಗೆಗೆ ಯಾವ ಶಿಕ್ಷೆಯೆಂದು ತಿಳಿಯದ ಮಾಲೀಕರು, ಹದಿನಾರನೆಯ ದಿನ ಬರಲಿ, ನೋಡೋಣ ಎಂದರು. ಮೇಸ್ತ್ರಿ ಆ ಮೇಜನ್ನು ಒಬ್ಬನೇ ಎಳೆದು ದೊಡ್ಡಕ್ಕನ ಮಗ್ಗುಲಿಗೆ ತಂದ. ಆ ಸದ್ದಿಗೆ ನಾಲ್ಕು ಬೀದಿಯ ನಾಯಿಗಳು ಬೊಗಳಿದವು.

ಹದಿನಾರನೆಯ ದಿನ ಎಂಟಕ್ಕೆ ಗಂಟೆ ಹೊಡೆಯಿತು. ಮೂವತ್ತೆಂಟು ಜನ ಕೂತರು. ಹುಡುಗಿಯ ಜಾಗ ಖಾಲಿ. ಎಂಟು ಗಂಟೆ ಒಂದು ನಿಮಿಷ. ಗೋದಾಮಿನ ಬಾಗಿಲಿನ ಬಣ್ಣ ಯಾವುದೆಂದು ಮೇಸ್ತ್ರಿ ನೆನಪಿಸಿಕೊಳ್ಳತೊಡಗಿದ. ಎರಡನೆಯ ನಿಮಿಷಕ್ಕೆ ಅವಳು ಏದುಸಿರು ಬಿಡುತ್ತ ಒಳಗೆ ಬಂದಳು, ಕೈಯಲ್ಲೊಂದು ಸೀಸೆ.

"ದೊಡ್ಡಕ್ಕನ ಮೊಣಕಾಲಿಗೆ ಎಣ್ಣೆ ತರೋಕೆ ಹೋಗಿದ್ದೆ ಅಣ್ಣ. ತಡವಾಯ್ತು."

ವಿಭಾಗವೆಲ್ಲ ಕೈಕೆಲಸ ಬಿಟ್ಟು ಮೇಸ್ತ್ರಿಯನ್ನೇ ನೋಡಿತು. ಅವನು ಗೋಡೆಯತ್ತ ತಿರುಗಿ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಆ ಗಡಿಯಾರವನ್ನು ಅನುಮಾನದಿಂದ ನೋಡಿದ.

"ಅದು ಎರಡು ನಿಮಿಷ ಮುಂದಿದೆ," ಎಂದ. "ಹೋಗಮ್ಮ, ಕೂತ್ಕೋ."