ನಕ್ಷೆಯಲ್ಲಿಲ್ಲದ ಹೊಗೆಕೊಳವೆ

ಗ್ಯಾರೇಜಿನ ಪೇಂಟರಿಗೆ ಕೋಪ ಮೂಗಿನ ತುದಿಯಲ್ಲೇ. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಯಾರಾದರೂ ಪುಸ್ತಕ ಬಿಚ್ಚಿ ಬುದ್ಧಿ ಹೇಳಿದರೆ ಉರಿದುಬೀಳುತ್ತಿದ್ದ. ಅಂಥವನು ನಾಲ್ಕು ತಿಂಗಳು ಉಸಿರು ಬಿಗಿಹಿಡಿದು ಮೊಳದುದ್ದದ ಪಾರ್ಸೆಲ್ ಬೋಗಿಯೊಂದನ್ನು ಕಟ್ಟಿದ್ದ. ಜಾರುವ ಬಾಗಿಲು, ಒಳಗೆ ಹೆಬ್ಬೆರಳ ಉಗುರಿನಷ್ಟು ಟ್ರಂಕುಗಳು, ಎಲ್ಲ ಸೋದರಮಾವ ಹೇಳಿದಂತೆ. ಮಾವ ಇಪ್ಪತ್ತೆಂಟು ವರ್ಷ ಅಂಥದೇ ಬೋಗಿಯಲ್ಲಿ ಮೂಟೆ ಎತ್ತಿದವನು.

ಭಾನುವಾರದ ಪ್ರದರ್ಶನದಲ್ಲಿ ಅದು ಹಳಿ ಮೇಲೆ ಓಡಬೇಕು, ಮಾವ ನೋಡಬೇಕು. ಪೇಂಟರಿಗೆ ಇದ್ದದ್ದು ಅದೊಂದೇ ಆಸೆ. ಆದರೆ ಒಪ್ಪಬೇಕಾದವರು ಮಾದರಿ ರೈಲು ಸಂಘದ ಅಧ್ಯಕ್ಷರು, ನಿವೃತ್ತ ರೈಲ್ವೆ ಇನ್ಸ್‌ಪೆಕ್ಟರು, ಮಾವನಿಗೂ ಒಂದು ಕಾಲದ ಸಾಹೇಬರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಅಡಿಪಟ್ಟಿ ಎನ್ನುತ್ತಿದ್ದರು.

ಸಂಘದ ಸಭೆಯಲ್ಲಿ, ಮಾವನೂ ಸೇರಿ ಎಲ್ಲರ ಎದುರು, ಅಡಿಪಟ್ಟಿಯ ಭೂತಗನ್ನಡಿ ಚಕ್ರ, ಬಾಗಿಲು ಎಲ್ಲ ದಾಟಿ ಚಾವಣಿಯ ಮೇಲೆ ನಿಂತಿತು.

"ಇದೇನಪ್ಪ?"

"ಹೊಗೆಕೊಳವೆ. ಒಳಗಿನ ಒಲೇದು."

"ರೈಲ್ವೆ ನಕ್ಷೇಲಿ ಇಲ್ವಲ್ಲ. ಹುಲ್ಲು, ಕಾಗದ, ಮರ ತುಂಬಿರೋ ಬೋಗೀಲಿ ಒಲೆ ಇಡೋಕೆ ಯಾರಿಗೆ ತಲೆ ಕೆಟ್ಟಿತ್ತು?"

"ನಕ್ಷೆ ಬರೆದೋರು ಚಳಿಗಾಲದಲ್ಲಿ ಅದ್ರಲ್ಲಿ ಒಂದಿನ ಕೂತಿದ್ರಾ ಸಾರ್?"

"ಕಟ್ಟುಕತೆ ಬೇಡ. ಕಿತ್ತುಹಾಕು, ತಗೋತೀನಿ. ಇಲ್ಲ ಅಂದ್ರೆ ಎತ್ಕೊಂಡು ಹೊರಡು."

ಪೇಂಟರ್ ಮಾವನ ಕಡೆ ತಿರುಗಿದ. ಮಾವ ಕಿಟಕಿಯಾಚೆ ಏನೋ ಕಂಡವನಂತೆ ಕೂತಿದ್ದ.

"ಮಾವ, ಹೇಳು. ನೀನೇ ತಾನೆ ಅಂದಿದ್ದು?"

"ಅಂದಿದ್ದೆ... ಹೋಗ್ಲಿ ಬಿಡೋ. ಒಂದು ಕೊಳವೆ ತಾನೆ, ಕಿತ್ತಾಕು."

"ಕಿತ್ರೆ ನಾವಿಬ್ರೂ ಸುಳ್ಳರು ಅಂತಾಗುತ್ತೆ. ಕೀಳಲ್ಲ."

ಬೋಗಿಯನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಿರಬಿರನೆ ಬಾಗಿಲ ಕಡೆ ನಡೆದ. ನಾಲ್ಕು ತಿಂಗಳ ಕೆಲಸ ಹೊಸ್ತಿಲು ದಾಟುವುದರಲ್ಲಿತ್ತು.

"ತೂತು ಕೊರೆದಿದ್ದು ನಾನೇ ಸಾರ್," ಅಂದ ಮಾವ.

ಪೇಂಟರ್ ಹೊಸ್ತಿಲಲ್ಲೇ ನಿಂತ.

"ಮೈ ಮರಗಟ್ಟಿ ಹೋಗ್ತಿತ್ತು. ಹಳೇ ಒಲೆ ಒಂದನ್ನ ಕದ್ದುಮುಚ್ಚಿ ಏರಿಸ್ಕೊಂಡೆ. ತಪಾಸಣೆ ದಿನ ಕೊಳವೆ ಕಿತ್ತು, ತೂತಿಗೆ ಡಾಂಬರು ಮೆತ್ತುತಿದ್ದೆ."

ಅಡಿಪಟ್ಟಿಯ ಮುಖ ಕೆಂಪಗಾಯಿತು. "ಹಾಗಾದ್ರೆ ಆ ಸೋರಿಕೆ... ಮೂರು ಮಳೆಗಾಲ ಚಾವಣಿ ಹತ್ತಿ ಹುಡುಕಿದೀನಿ ಕಣಯ್ಯ. ಮೇಲಿನೋರು ನನ್ನ ಬೆವರಿಳಿಸಿದ್ರು."

"ಗೊತ್ತು ಸಾರ್. ಏಣಿ ಹಿಡ್ಕೊಂಡಿದ್ದೋನು ನಾನೇ."

ನಗು ಬಂದವರೆಲ್ಲ ಕೆಮ್ಮಿದರು. ಅಡಿಪಟ್ಟಿ ನಕ್ಷೆ ಹರಡಿ, ಪೆನ್ಸಿಲ್ ಚಾಚಿದರು.

"ಎಲ್ಲಿ ಕೊರೆದೆ, ಗುರುತು ಮಾಡು. ಎಷ್ಟು ಅಗಲ?"

"ಐದಿಂಚು." ಮಾವ ಸೊನ್ನೆ ಸುತ್ತಿದ.

"ಪಕ್ಕದಲ್ಲಿ ಸಹಿ ಹಾಕು."

"ಸಹಿನಾ ಸಾರ್?"

"ಹಾಕಯ್ಯ. ರಿಟೈರ್ ಆದೋನ ಕೆಲಸ ಯಾರು ಕಿತ್ಕೋತಾರೆ?"

ಮಾವ ಸಹಿ ಹಾಕಿದ. ಪೇಂಟರ್ ಹಿಂದಕ್ಕೆ ಬಂದು ಟವೆಲ್ ಬಿಚ್ಚಿದ. ಅಡಿಪಟ್ಟಿ ಕೊಳವೆ ಅಳೆದು, ಬೆರಳಲ್ಲಿ ಲೆಕ್ಕ ಹಾಕಿದರು.

"ಅಸಲಿ ಬೋಗಿ ಲೆಕ್ಕಕ್ಕೆ ಐದೂಮುಕ್ಕಾಲು ಇಂಚು ಬರುತ್ತೆ. ತಪ್ಪು. ತೆಳ್ಳಗೆ ಮಾಡ್ಕೊಡು, ಭಾನುವಾರ ಮೊದಲ ಗಾಡೀಗೆ ಸಿಗಿಸೋಣ."

ಪೇಂಟರ್ ಬೋಗಿಯನ್ನು ಎತ್ತಿಕೊಂಡ.

"ಐದೇ ತಾನೆ ಮಾವ? ಸರಿಯಾಗಿ ಹೇಳು."

"ಐದೇ ಕಣೋ. ಉಜ್ಜು."

ಅವನು ಜೇಬಿನಿಂದ ಎಮರಿ ಪೇಪರ್ ತೆಗೆದು ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.